ಎರಡು ಗುಳಿಗೆ ತಗೊಂಡರೆ ಎರಡರಷ್ಟು ಗುಣವೇ?

ನಮ್ಮ ಸಂಘದ ಪತ್ರಿಕೆಯಲ್ಲಿ ಕಥೆ, ಕವಿತೆ, ಹರಟೆ ಬರುತ್ತವೆ. ಔಷಧಶಾಸ್ತ್ರದ ಪಾಠಕ್ಕೆ ಇಲ್ಲೇನು ಕೆಲಸ ಅಂತ ನೀವು ಕೇಳಬಹುದು. ಸಂಪಾದಕರೂ ಮೊದಲು ಹಾಗೇ ಕೇಳಿದರು. "ಕನ್ನಡದಲ್ಲಿ ಬರೆಯೋದಾದರೆ ಬರಿ, ಆದರೆ ಪರೀಕ್ಷೆಯ ಉತ್ತರದ ಹಾಗೆ ಬರೀಬೇಡ" ಎಂಬ ಷರತ್ತಿನ ಮೇಲೆ ಒಪ್ಪಿಕೊಂಡರು. ಅಹಮದಾಬಾದಿನಲ್ಲಿ ಫಾರ್ಮಸಿ ಓದುತ್ತಿರುವ ನನಗೆ ಈ ಪಾಠವನ್ನು ಕನ್ನಡದಲ್ಲಿ ಹೇಳಲೇಬೇಕಾದ ಒಂದು ಸಂದರ್ಭ ಬಂದಿತ್ತು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಅಪ್ಪ ಹಾವೇರಿ ಕಡೆಯವರು. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಬಹಳ ವರ್ಷ ಡೈಯಿಂಗ್ ಮಾಸ್ಟರ್ ಆಗಿದ್ದವರು. ಅವರಿಗೆ ರಕ್ತದೊತ್ತಡ, ಜೊತೆಗೆ ಏರು ಹತ್ತಿದರೆ ಎದೆ ಹಿಡಿಯುವುದು. ಡಾಕ್ಟರು ಅಟೆನೊಲಾಲ್ ಎಂಬ ಗುಳಿಗೆಯನ್ನು ದಿನಕ್ಕೆ ಒಂದರಂತೆ ಬರೆದುಕೊಟ್ಟಿದ್ದರು. ಒಂದು ದೀಪಾವಳಿಯ ಹೊತ್ತಿನಲ್ಲಿ, ಮಿಲ್ಲಿನಲ್ಲಿ ಕೆಲಸ ಜೋರಾಗಿದ್ದಾಗ, ಒತ್ತಡ ಸ್ವಲ್ಪ ಏರಿದ್ದನ್ನು ಕಂಡು ಅಪ್ಪ ತಾವೇ ಲೆಕ್ಕ ಹಾಕಿದರು: "ಒಂದಕ್ಕ ಇಷ್ಟು ಗುಣ ಅಂದ್ರ, ಎರಡ ತೊಗೊಂಡ್ರ ಲಗೂ ಆರಾಮ ಆಗ್ತದ." ಎರಡು ಎರಡರಂತೆ ತಗೊಂಡರು. ಮೂರನೆಯ ದಿನ ಕುರ್ಚಿಯಿಂದ ಏಳುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು. ನಾಡಿ ನೋಡಿದರೆ ನಿಮಿಷಕ್ಕೆ ನಲವತ್ತನಾಲ್ಕು. ಆಗ ಅವರಿಗೆ ಗುಳಿಗೆಯ ಮೇಲೇ ಸಿಟ್ಟು ಬಂತು. "ಈ ಉಪದ್ವ್ಯಾಪನ ಬ್ಯಾಡ" ಅಂತ ಪೂರ್ತಿ ಬಿಟ್ಟರು. ನಾಲ್ಕೈದು ದಿನಕ್ಕೆ, ಮೆಟ್ಟಿಲು ಹತ್ತುವಾಗಲೂ ಅಲ್ಲ, ಸುಮ್ಮನೆ ಕೂತಿದ್ದಾಗಲೇ ಎದೆನೋವು ಬಂತು. ಅವ್ವ ಫೋನು ಮಾಡಿದಾಗ ರಾತ್ರಿ ಹನ್ನೊಂದೂವರೆ. ಸಿಕ್ಕ ಗಾಡಿ ಹಿಡಿದು ನಾನು ಸೂರತ್ತಿಗೆ ಹೊರಟೆ.

ಆ ಗಾಡಿಯಲ್ಲಿ ಕೂತು ನನಗನ್ನಿಸಿದ್ದು ಇಷ್ಟೆ. ಇದೇ ವಿಷಯದಲ್ಲಿ ನಾನು ಪರೀಕ್ಷೆ ಬರೆದು ಒಳ್ಳೇ ಅಂಕ ತಗೊಂಡಿದ್ದೇನೆ. ಆದರೆ ಮನೆಯಲ್ಲಿ ಅಪ್ಪನಿಗೆ ಎರಡು ಮಾತು ಹೇಳಿರಲಿಲ್ಲ. ಹೇಳಲು ನನ್ನ ಹತ್ತಿರ ಕನ್ನಡದ ಮಾತೇ ಇರಲಿಲ್ಲ.

ಗ್ರಾಹಿ ಎಂದರೇನು?

ನಾವು ನುಂಗಿದ ಔಷಧ ರಕ್ತದಲ್ಲಿ ಕರಗಿ ಮೈಯೆಲ್ಲ ತಿರುಗುತ್ತದೆ. ಆದರೆ ಕೆಲಸ ಮಾಡುವುದು ಎಲ್ಲ ಕಡೆಯೂ ಅಲ್ಲ. ಜೀವಕೋಶದ ಹೊರಪೊರೆಯ ಮೇಲೆ, ಕೆಲವು ಸಲ ಕೋಶದ ಒಳಗೆ, ನಿರ್ದಿಷ್ಟ ಆಕಾರದ ಪ್ರೋಟೀನುಗಳಿವೆ. ದೇಹದ್ದೇ ಆದ ಸಂದೇಶವಾಹಕಗಳು, ಉದಾಹರಣೆಗೆ ಅಡ್ರಿನಲಿನ್, ಅಸಿಟೈಲ್‌ಕೋಲಿನ್, ಇವುಗಳಿಗೆ ಅಂಟಿ ಕೋಶಕ್ಕೆ 'ಹೀಗೆ ಮಾಡು' ಎಂಬ ಸೂಚನೆ ಕೊಡುತ್ತವೆ. ಇಂಥ ಪ್ರೋಟೀನಿಗೆ ರಿಸೆಪ್ಟರ್ ಎಂದು ಹೆಸರು. ಕನ್ನಡದಲ್ಲಿ ಗ್ರಾಹಕ ಅಂತ ಬರೆಯುವವರಿದ್ದಾರೆ. ಅಂಗಡಿಯ ಗಿರಾಕಿ ನೆನಪಾಗುವುದು ಬೇಡವೆಂದು ನಾನು ಇಲ್ಲಿ ಗ್ರಾಹಿ ಎಂದೇ ಬರೆಯುತ್ತೇನೆ. ಬಹಳಷ್ಟು ಔಷಧಗಳು ಮಾಡುವ ಕೆಲಸ ಇಷ್ಟೆ: ದೇಹದ ಸಂದೇಶವಾಹಕ ಕೂರಬೇಕಾದ ಜಾಗದಲ್ಲಿ ತಾವು ಹೋಗಿ ಕೂರುವುದು. ಕೂತು ಸೂಚನೆ ಕೊಟ್ಟರೆ ಅದು ಪ್ರೇರಕ. ಕೂತು ಸುಮ್ಮನಿದ್ದು ಬೇರೆಯವರಿಗೂ ಜಾಗ ಬಿಡದಿದ್ದರೆ ಅದು ತಡೆಗಾರ. ಅಪ್ಪನ ಅಟೆನೊಲಾಲ್ ಎರಡನೆಯ ಜಾತಿಯದು. ಹೃದಯದ ಬೀಟಾ-1 ಎಂಬ ಗ್ರಾಹಿಯ ಮೇಲೆ ಕೂತು, ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಬಂದು ಹೃದಯವನ್ನು ಓಡಿಸದಂತೆ ತಡೆಯುತ್ತದೆ.

ಈ ವಿಚಾರ ಹೊಳೆದದ್ದು ಹೇಗೆ ಎಂಬುದು ಸೂರತ್ತಿನವರಿಗೆ ವಿಶೇಷವಾಗಿ ಹಿಡಿಸಬೇಕು. ಜರ್ಮನಿಯ ಪೌಲ್ ಎರ್ಲಿಕ್ ವಿದ್ಯಾರ್ಥಿಯಾಗಿದ್ದಾಗಿನಿಂದ ಬಣ್ಣಗಳ ಹುಚ್ಚಿನವನು. ಒಂದು ಬಣ್ಣ ಒಂದು ಬಗೆಯ ಕೋಶಕ್ಕೆ ಹಿಡಿಯುತ್ತದೆ, ಪಕ್ಕದ ಕೋಶಕ್ಕೆ ಹಿಡಿಯುವುದಿಲ್ಲ, ಯಾಕೆ? ಕೋಶದಲ್ಲಿ ಆ ಬಣ್ಣಕ್ಕೆ ತಕ್ಕ ಹಿಡಿಕೆ ಇರಬೇಕು ಎಂಬ ತರ್ಕ ಅವನದು. 1900ರ ಹೊತ್ತಿಗೆ ಅವನೇ ರಿಸೆಪ್ಟರ್ ಎಂಬ ಮಾತನ್ನು ಬಳಕೆಗೆ ತಂದ. ಅಂಟದ ಪದಾರ್ಥ ಕೆಲಸ ಮಾಡದು ಎಂಬುದು ಅವನ ಸಿದ್ಧಾಂತ. ಹೀಗೆ ನಮ್ಮ ಶಾಸ್ತ್ರದ ಬೇರು ಬಣ್ಣದ ತೊಟ್ಟಿಯಲ್ಲೇ ಇದೆ.

ಚರೋತರದ ತಂಬಾಕು, ಕೇಂಬ್ರಿಜ್ಜಿನ ಕೋಳಿ

ಅದೇ ಕಾಲಕ್ಕೆ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಜಾನ್ ಲ್ಯಾಂಗ್ಲಿ ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದ. ಅವನ ಸಾಮಗ್ರಿ ನಮಗೆ ಗೊತ್ತಿರುವುದೇ. ಅಹಮದಾಬಾದಿನಿಂದ ವಡೋದರಾಕ್ಕೆ ಗಾಡಿಯಲ್ಲಿ ಹೋಗುವಾಗ ನಡಿಯಾದ್, ಆಣಂದ್ ಸುತ್ತ ಬರುವ ಚರೋತರ ಸೀಮೆ ತಂಬಾಕಿಗೆ ಹೆಸರಾದದ್ದು. ನಮ್ಮ ನಿಪ್ಪಾಣಿಯಂತೆ ಅಲ್ಲಿಯೂ ಬೀಡಿ ತಂಬಾಕು. ಆ ಎಲೆಯ ಸತ್ವವೇ ನಿಕೋಟಿನ್. ಲ್ಯಾಂಗ್ಲಿ ಕೋಳಿಯ ಸ್ನಾಯುವಿಗೆ ನಿಕೋಟಿನ್ ಹಾಕಿದ, ಸ್ನಾಯು ಬಿಗಿಯಿತು. ನರವನ್ನು ಕತ್ತರಿಸಿ ಅದು ಸತ್ತ ಮೇಲೆ ಹಾಕಿದ, ಆಗಲೂ ಬಿಗಿಯಿತು. ಅಂದರೆ ನಿಕೋಟಿನ್ ಹಿಡಿಯುವುದು ನರದ ತುದಿಯನ್ನಲ್ಲ, ಸ್ನಾಯುವನ್ನೇ. ಆಮೇಲೆ ಕ್ಯುರಾರೆ ಎಂಬ ವಿಷ ಹಾಕಿದ. ನಿಕೋಟಿನ್ನಿನ ಆಟ ನಿಂತಿತು. ಆದರೆ ಅದೇ ಸ್ನಾಯುವಿಗೆ ನೇರವಾಗಿ ವಿದ್ಯುತ್ತು ಕೊಟ್ಟರೆ ಬಿಗಿಯುತ್ತಲೇ ಇತ್ತು. ಹಾಗಾದರೆ ಕ್ಯುರಾರೆ ಸ್ನಾಯುವನ್ನು ಕೊಂದಿಲ್ಲ. ನಿಕೋಟಿನ್ ಕೂರುವ ಯಾವುದೋ ಪದಾರ್ಥದ ಮೇಲೆ ತಾನು ಕೂತಿದೆ! 1905ರಲ್ಲಿ ಅವನು ಅದಕ್ಕೆ 'ಗ್ರಹಿಸುವ ಪದಾರ್ಥ' ಎಂದು ಹೆಸರು ಕೊಟ್ಟ. ಇವತ್ತು ಅದನ್ನು ನಿಕೋಟಿನಿಕ್ ಗ್ರಾಹಿ ಎನ್ನುತ್ತೇವೆ. ನಿಜವಾಗಿ ಅದು ಅಸಿಟೈಲ್‌ಕೋಲಿನ್ನಿಗಾಗಿ ಇರುವ ಜಾಗ. ತಂಬಾಕು ಅಲ್ಲಿ ಬಾಡಿಗೆ ಕೊಡದೆ ಕೂರುವ ಬಿಡಾರದವನು.

ಪ್ರಮಾಣದ ಪಾಠವೂ ಆ ಹೊಲದಲ್ಲೇ ಇದೆ. ಇಬ್ಬನಿ ಬಿದ್ದು ಒದ್ದೆಯಾದ ಹಸಿ ಎಲೆ ಕೀಳುವವರಿಗೆ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ತಲೆನೋವು, ತಲೆಸುತ್ತು, ವಾಂತಿ ಬರುತ್ತದೆ. ಬೀಡಿ ಸೇದದವನಿಗೂ ಬರುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ತಂಬಾಕು ಕೆಲಸಗಾರರ ಇಂಥ ತೊಂದರೆಗಳನ್ನು ಅಭ್ಯಾಸ ಮಾಡಿದರು. ಕೈಗವಸು ಹಾಕಿಕೊಂಡರೆ ಒಳಗೆ ಹೋಗುವ ನಿಕೋಟಿನ್ ಕಡಿಮೆಯಾಗುತ್ತದೆ. ಎಲೆ ಅದೇ, ಗ್ರಾಹಿ ಅದೇ, ಬದಲಾದದ್ದು ಪ್ರಮಾಣ ಮಾತ್ರ.

ಬಣ್ಣದ ತೊಟ್ಟಿಯ ಲೆಕ್ಕ

ಈಗ ಮುಖ್ಯ ಮಾತಿಗೆ ಬರೋಣ. ಪ್ರಮಾಣ ಏರಿದಂತೆ ಪರಿಣಾಮ ಹೇಗೆ ಏರುತ್ತದೆ?

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ಕಾಗದ ಪೆನ್ಸಿಲ್ ಹಿಡಿದು ಕೂತೆ. ಸಮೀಕರಣ ಬರೆದೆ, ಅವರು ಆಕಳಿಸಿದರು. ಆಗ ಅವರದೇ ಕಸುಬಿನ ಪ್ರಶ್ನೆ ಕೇಳಿದೆ:

"ಅಪ್ಪಾ, ನೈಲಾನಿಗೆ ಆಸಿಡ್ ಡೈ ಹಾಕ್ತೀರಲ್ಲ. ನೂರು ಕೇಜಿ ಬಟ್ಟೆಗೆ ಅರ್ಧ ಕೇಜಿ ಬಣ್ಣ ಹಾಕಿದ್ರ ಒಂದು ಶೇಡ್ ಬರ್ತದ. ಒಂದು ಕೇಜಿ ಹಾಕಿದ್ರ?"

"ಇನ್ನೂ ಗಾಢ ಬರ್ತದ."

"ನಾಲ್ಕು ಇದ್ದದ್ದನ್ನ ಎಂಟು ಮಾಡಿದ್ರ?"

"ಏ, ಎಲ್ಲಿ ಬರ್ತದಪಾ ತಮ್ಮಾ! ನೈಲಾನು ಹಿಡಿಯೋದ ಒಂದಿಷ್ಟು. ಮಿಕ್ಕಿದ್ದು ನೀರಾಗ ಉಳಿತದ. ಬಣ್ಣನೂ ದಂಡ, ನೀರೂ ಹೊಲಸ."

"ಯಾಕ ಹಿಡಿಯೂದಿಲ್ಲ?"

"ಕೂಡಾಕ ಜಾಗಾ ಮುಗದಿರ್ತದಲ್ಲ!"

ಇದೇ ಪಾಠ. ನೈಲಾನ್ ಎಳೆಯಲ್ಲಿ ಆಸಿಡ್ ಡೈ ಅಂಟುವ ತಾಣಗಳು, ಅಮೈನ್ ತುದಿಗಳು, ಎಣಿಸಿಟ್ಟಷ್ಟೇ ಇವೆ. ಅವು ಖಾಲಿಯಿದ್ದಾಗ ಹಾಕಿದ ಬಣ್ಣವೆಲ್ಲ ಜಾಗ ಕಂಡುಕೊಳ್ಳುತ್ತದೆ. ತುಂಬುತ್ತ ಬಂದಂತೆ ಹೊಸದಾಗಿ ಬಂದದ್ದಕ್ಕೆ ಜಾಗ ಸಿಗುವುದು ಕಷ್ಟ. ಗ್ರಾಹಿಗಳ ಲೆಕ್ಕವೂ ಹೀಗೇ. ಕೇಂಬ್ರಿಜ್ಜಿನ ಆರ್ಚಿಬಾಲ್ಡ್ ಹಿಲ್ 1909ರಲ್ಲಿ, ಆಮೇಲೆ ಎ. ಜೆ. ಕ್ಲಾರ್ಕ್ 1926ರಲ್ಲಿ ಇದನ್ನು ಗಣಿತಕ್ಕೆ ಇಳಿಸಿದರು. ಘನಪದಾರ್ಥದ ಮೈಗೆ ಅನಿಲ ಅಂಟುವ ಬಗ್ಗೆ ಲ್ಯಾಂಗ್‌ಮ್ಯೂರ್ 1918ರಲ್ಲಿ ಕೊಟ್ಟ ಸೂತ್ರದ ರೂಪವೂ ಇದೇ. ರಸಾಯನಶಾಸ್ತ್ರ ಓದಿದವರಿಗೆ ನೆನಪಿರಬಹುದು.

ಸೂತ್ರ ಸುಲಭ. ತುಂಬಿದ ಗ್ರಾಹಿಗಳ ಪಾಲು ಬೇಕಾದರೆ ಔಷಧದ ಸಾಂದ್ರತೆಯನ್ನು, ಅದೇ ಸಾಂದ್ರತೆಗೆ ಒಂದು ಸ್ಥಿರಸಂಖ್ಯೆ ಕೂಡಿಸಿ ಬಂದದ್ದರಿಂದ ಭಾಗಿಸಬೇಕು. ಗ್ರಾಹಿಗಳಲ್ಲಿ ಸರಿಯಾಗಿ ಅರ್ಧ ತುಂಬಲು ಎಷ್ಟು ಸಾಂದ್ರತೆ ಬೇಕೋ ಅದೇ ಆ ಸ್ಥಿರಸಂಖ್ಯೆ. ಅದನ್ನು ಒಂದು ಎಂದು ಇಟ್ಟುಕೊಂಡರೆ ಹೀಗೆ ಬರುತ್ತದೆ:

ಸಾಂದ್ರತೆ ಅರ್ಧ: ತುಂಬಿದ್ದು ಶೇಕಡಾ 33
ಸಾಂದ್ರತೆ 1: ಶೇಕಡಾ 50
ಸಾಂದ್ರತೆ 2: ಶೇಕಡಾ 67
ಸಾಂದ್ರತೆ 4: ಶೇಕಡಾ 80
ಸಾಂದ್ರತೆ 9: ಶೇಕಡಾ 90
ಸಾಂದ್ರತೆ 19: ಶೇಕಡಾ 95
ಸಾಂದ್ರತೆ 99: ಶೇಕಡಾ 99

ಈ ಪಟ್ಟಿಯನ್ನು ಎರಡು ಸಲ ಓದಿ. ಅರ್ಧದಿಂದ ಒಂದಕ್ಕೆ ಹೋದಾಗ 17 ಅಂಶ ಲಾಭ. 9ರಿಂದ 19ಕ್ಕೆ, ಅಂದರೆ ಮತ್ತೆ ಸುಮಾರು ಎರಡರಷ್ಟು ಮಾಡಿದಾಗ, ಲಾಭ ಬರೀ 5 ಅಂಶ. ಕೊನೆಯ ನಾಲ್ಕು ಅಂಶಕ್ಕೆ ಐದು ಪಟ್ಟಿಗಿಂತ ಹೆಚ್ಚು ಔಷಧ ಸುರಿಯಬೇಕು. ಶೇಕಡಾ 10ರಿಂದ 90ಕ್ಕೆ ಹೋಗಲು 81 ಪಟ್ಟು ಬೇಕು. ಪ್ರಮಾಣವನ್ನು ಲಾಗರಿದಮ್ ಅಳತೆಯಲ್ಲಿ ಅಡ್ಡಗೆರೆಯ ಮೇಲೂ ಪರಿಣಾಮವನ್ನು ನಿಲುಗೆರೆಯ ಮೇಲೂ ಇಟ್ಟು ನಕ್ಷೆ ಬರೆದರೆ, ಇಂಗ್ಲಿಷಿನ ಎಸ್ ಅಕ್ಷರವನ್ನು ಎಳೆದು ಓರೆ ಮಾಡಿದ ಹಾಗೆ ಬರುತ್ತದೆ. ಕೆಳಗೆ ಮೆಲ್ಲಗೆ, ನಡುವೆ ಚುರುಕಾಗಿ, ಮೇಲೆ ಚಪ್ಪಟೆ.

ಇದು ಬರೀ ಕಾಗದದ ಮಾತಲ್ಲ. ಅಹಮದಾಬಾದಿನಲ್ಲಿ ಎಲ್. ಎಂ. ಫಾರ್ಮಸಿ ಕಾಲೇಜು ಶುರುವಾದದ್ದು 1947ರಲ್ಲಿ. ಆ ತಲೆಮಾರುಗಳಲ್ಲಿ ಈ ದೇಶದ ಫಾರ್ಮಸಿ ವಿದ್ಯಾರ್ಥಿಗಳು ಕಪ್ಪೆಯ ಹೊಟ್ಟೆಯ ಸ್ನಾಯುವಿನ ಪಟ್ಟಿಯನ್ನು ದಾರ ಕಟ್ಟಿ ತೂಗುಹಾಕಿ, ಅಸಿಟೈಲ್‌ಕೋಲಿನ್ ಹನಿಸಿ, ಮಸಿ ಹಿಡಿಸಿದ ಕಾಗದದ ಸಿಲಿಂಡರಿನ ಮೇಲೆ ಗೆರೆ ಮೂಡಿಸುತ್ತಿದ್ದರು. ಪ್ರತಿಸಲ ಪ್ರಮಾಣ ಇಮ್ಮಡಿ. ಮೊದಮೊದಲು ಗೆರೆಗಳ ಎತ್ತರ ಚೆನ್ನಾಗಿ ಏರುತ್ತದೆ, ಆಮೇಲೆ ಎಷ್ಟು ಹನಿಸಿದರೂ ಅಷ್ಟೇ. ಈಗ ನಾವು ಅದನ್ನೇ ಕಂಪ್ಯೂಟರ್ ಪರದೆಯ ಮೇಲೆ ನೋಡುತ್ತೇವೆ. ಕಪ್ಪೆಗಳಿಗೆ ಬಿಡುಗಡೆ, ನಮಗೆ ಮಸಿಯಿಂದ ಬಿಡುಗಡೆ.

ಶಕ್ತಿ ಬೇರೆ, ಸಾಮರ್ಥ್ಯ ಬೇರೆ

ಇಲ್ಲಿ ಪರೀಕ್ಷೆಯಲ್ಲೂ ಅಂಗಡಿಯಲ್ಲೂ ಜನ ಎಡವುವ ಒಂದು ಜಾಗವಿದೆ. "ಈ ಗುಳಿಗೆ ಐದು ಮಿಲಿಗ್ರಾಂ, ಅದು ಐನೂರು. ಐನೂರರದ್ದೇ ಜೋರು" ಅಂತ ಹೇಳುವವರನ್ನು ನೀವು ಕೇಳಿರುತ್ತೀರಿ. ತಪ್ಪು. ಕಡಿಮೆ ಪ್ರಮಾಣದಲ್ಲೇ ಕೆಲಸ ಆಗುವುದು ಔಷಧದ ಶಕ್ತಿ. ಎಷ್ಟು ಕೊಟ್ಟರೂ ಕೊನೆಗೆ ಮುಟ್ಟಬಹುದಾದ ಎತ್ತರ ಅದರ ಸಾಮರ್ಥ್ಯ. ಇವೆರಡೂ ಬೇರೆ ಬೇರೆ. ಚುಚ್ಚಿ ಕೊಡುವ 10 ಮಿಲಿಗ್ರಾಂ ಮಾರ್ಫಿನ್ ಮಾಡುವಷ್ಟು ನೋವು ಶಮನವನ್ನು ಸುಮಾರು 0.1 ಮಿಲಿಗ್ರಾಂ ಫೆಂಟನಿಲ್ ಮಾಡುತ್ತದೆ. ಅಂದರೆ ಶಕ್ತಿ ನೂರು ಪಟ್ಟು. ಆದರೆ ಇಬ್ಬರೂ ಕೂರುವುದು ಒಂದೇ ಗ್ರಾಹಿಯ ಮೇಲೆ. ಅದೇ ಗ್ರಾಹಿಯ ಮೇಲೆ ಕೂರುವ ಬ್ಯೂಪ್ರೆನಾರ್ಫಿನ್ ಬಹಳ ಗಟ್ಟಿಯಾಗಿ ಅಂಟುತ್ತದೆ, ಆದರೆ ಅರೆಮನಸ್ಸಿನ ಸೂಚನೆ ಕೊಡುತ್ತದೆ. ಇಂಥದನ್ನು ಅರೆಪ್ರೇರಕ ಎನ್ನಬಹುದು. ಅಂಟುವುದು ಒಂದು ಗುಣ, ಅಂಟಿ ಕೆಲಸ ಮಾಡಿಸುವುದು ಇನ್ನೊಂದು ಗುಣ ಎಂದು ಅರಿಯನ್ಸ್ 1954ರಲ್ಲೂ ಸ್ಟೀಫನ್‌ಸನ್ 1956ರಲ್ಲೂ ಬಿಡಿಸಿ ತೋರಿಸಿದರು. ಕೆಲವು ಅಂಗಗಳಲ್ಲಿ ಗ್ರಾಹಿಗಳಲ್ಲಿ ಸ್ವಲ್ಪವೇ ತುಂಬಿದರೂ ಪೂರ್ತಿ ಪರಿಣಾಮ ಬಂದುಬಿಡುತ್ತದೆ. ಆದ್ದರಿಂದ ಮೇಲಿನ ಪಟ್ಟಿ ತುಂಬಿದ ಜಾಗದ ಲೆಕ್ಕ, ಪರಿಣಾಮದ ಲೆಕ್ಕ ಅದಕ್ಕಿಂತ ಬೇಗನೆ ಚಪ್ಪಟೆಯಾಗಬಹುದು.

ತಡೆಗಾರನ ಕಥೆಗೂ ಅಪ್ಪನ ಕಸುಬಿನಲ್ಲೇ ಉದಾಹರಣೆ ಸಿಕ್ಕಿತು. ನೈಲಾನಿಗೆ ಎರಡು ಬಣ್ಣ ಒಟ್ಟಿಗೆ ಹಾಕಿದರೆ ಒಂದು ಇನ್ನೊಂದರ ಜಾಗ ಹಿಡಿದು ಅದನ್ನು ಹೊರಗೇ ನಿಲ್ಲಿಸುವುದುಂಟು. ಬಣ್ಣವೇ ಇಲ್ಲದ ಒಂದು ಸಹಾಯಕ ರಾಸಾಯನಿಕವನ್ನು ಮೊದಲೇ ಹಾಕಿ ಬಟ್ಟೆ ಬಣ್ಣ ಹಿಡಿಯದಂತೆ ಮಾಡುವುದೂ ಉಂಟು. ಅದೇ ತಡೆಗಾರ: ತಾನೂ ಬಣ್ಣ ಕೊಡದು, ಬೇರೆಯವರಿಗೂ ಬಿಡದು. ಆದರೆ ಬಿಗಿಯಾಗಿ ಬೆಸೆದುಕೊಳ್ಳದ ತಡೆಗಾರನನ್ನು ಹೆಚ್ಚು ಪ್ರೇರಕ ಸುರಿದು ದೂಡಬಹುದು. ಗ್ಯಾಡಮ್ 1937ರಲ್ಲಿ ಕೊಟ್ಟ ಲೆಕ್ಕ ಇದು. ತನ್ನ ಸ್ಥಿರಸಂಖ್ಯೆಯ ಒಂಬತ್ತರಷ್ಟು ತಡೆಗಾರ ಇದ್ದರೆ, ಮೊದಲಿನ ಪರಿಣಾಮ ಪಡೆಯಲು ಹತ್ತು ಪಟ್ಟು ಪ್ರೇರಕ ಬೇಕು. ಪರೀಕ್ಷೆಯ ರಾತ್ರಿ ನೀವು ಲಾರಿಯ ಮೇಲೆ ನಿಂತು ಕುಡಿಯುವ ಚಹಾದ ಕೆಫೀನು ಮಾಡುವುದೂ ಇದನ್ನೇ. ನಿದ್ದೆ ತರುವ ಅಡಿನೋಸಿನ್ನಿನ ಜಾಗದಲ್ಲಿ ಅದು ಸುಮ್ಮನೆ ಕೂರುತ್ತದೆ. ನಿದ್ದೆ ಹೋಗಿಲ್ಲ, ಬಾಗಿಲ ಹೊರಗೆ ಕಾದಿದೆ, ಅಷ್ಟೆ.

ಅಹಮದಾಬಾದಿನ ಒಂದು ಗುಳಿಗೆ

ವಡೋದರಾದಲ್ಲಿ ಅಲೆಂಬಿಕ್ ಶುರುವಾದದ್ದು 1907ರಲ್ಲಿ, ಸಾರಾಭಾಯಿ ಕೆಮಿಕಲ್ಸ್ 1943ರಲ್ಲಿ. ಅಹಮದಾಬಾದಿನಲ್ಲಿ ಕ್ಯಾಡಿಲಾ ಲ್ಯಾಬೊರೇಟರೀಸ್ 1952ರಲ್ಲಿ. ಬಹಳ ಕಾಲ ಈ ಸೀಮೆಯ ಕಾರ್ಖಾನೆಗಳು ಬೇರೆಯವರು ಕಂಡುಹಿಡಿದ ಔಷಧವನ್ನೇ ಮಾಡುತ್ತಿದ್ದವು. ಅದನ್ನು ದಾಟಿದ ಉದಾಹರಣೆ ಸಾರೊಗ್ಲಿಟಜಾರ್. ಅಹಮದಾಬಾದಿನ ಝೈಡಸ್ ಕ್ಯಾಡಿಲಾದ ಸಂಶೋಧನೆಯಲ್ಲಿ ಹುಟ್ಟಿ, 2013ರ ಜೂನಿನಲ್ಲಿ ಭಾರತದಲ್ಲಿ ಅನುಮತಿ ಪಡೆದು, ಲಿಪಾಗ್ಲಿನ್ ಎಂಬ ಹೆಸರಿನಲ್ಲಿ ಬಂತು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿದ್ದನ್ನು ಇಳಿಸಲು ಅದು.

ಇದು ಕೂರುವ ಗ್ರಾಹಿ ಪೊರೆಯ ಮೇಲೆ ಇಲ್ಲ, ಕೋಶದ ಕೇಂದ್ರದೊಳಗಿದೆ. ಪಿಪಿಎಆರ್ ಎಂಬ ಈ ಗ್ರಾಹಿ ಔಷಧ ಅಂಟಿದ ಮೇಲೆ ಕೆಲವು ಜೀನುಗಳಿಗೆ ಕೆಲಸ ಹಚ್ಚುತ್ತದೆ. ಆಲ್ಫಾ ಎಂಬ ಬಗೆ ಯಕೃತ್ತಿನಲ್ಲಿ ಕೊಬ್ಬನ್ನು ಉರಿಸಲು ನೆರವಾಗುತ್ತದೆ. ಗಾಮಾ ಎಂಬ ಬಗೆ ಇನ್ಸುಲಿನ್ನಿನ ಮಾತನ್ನು ದೇಹ ಕೇಳುವಂತೆ ಮಾಡುತ್ತದೆ. ಸಾರೊಗ್ಲಿಟಜಾರ್ ಎರಡರ ಮೇಲೂ ಕೂರುತ್ತದೆ, ಆದರೆ ಒಲವು ಆಲ್ಫಾ ಕಡೆಗೆ ಹೆಚ್ಚು. ಇದೇ ಜಾತಿಯ ಬೇರೆ ಔಷಧಗಳು ಪರದೇಶಗಳಲ್ಲಿ ಬಿದ್ದುಹೋದವು. ಮ್ಯುರಾಗ್ಲಿಟಜಾರ್ ಹೃದಯದ ಅಪಾಯದ ಶಂಕೆಯಿಂದ 2006ರಲ್ಲಿ ನಿಂತಿತು, ಅಲೆಗ್ಲಿಟಜಾರ್ 2013ರಲ್ಲಿ. ಗ್ರಾಹಿಯ ಹೆಸರು ಒಂದೇ ಆದರೆ ಸಾಲದು, ಯಾವುದರ ಮೇಲೆ ಎಷ್ಟು ಬಲವಾಗಿ ಎಂಬುದೂ ಮುಖ್ಯ.

ಈಗ ಪ್ರಮಾಣದ ಮಾತು. ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ ಕೊಟ್ಟು ನೋಡಿದರು. 24 ವಾರದ ಒಂದರಲ್ಲಿ ಟ್ರೈಗ್ಲಿಸರೈಡ್ ಇಳಿದದ್ದು 2 ಮಿಲಿಗ್ರಾಮಿಗೆ ಶೇಕಡಾ 26.4, 4 ಮಿಲಿಗ್ರಾಮಿಗೆ ಶೇಕಡಾ 45. ಹೋಲಿಕೆಗೆ ಕೊಟ್ಟ ಪಯೊಗ್ಲಿಟಜೋನಿಗೆ ಶೇಕಡಾ 15.5. ಪ್ರಮಾಣ ಎರಡರಷ್ಟು, ಫಲವೂ ಹೆಚ್ಚು ಕಡಿಮೆ ಎರಡರಷ್ಟು! ನಮ್ಮ ಅಪ್ಪನ ಲೆಕ್ಕ ಸರಿ ಅನ್ನಿಸಬಹುದು. ತಡೆಯಿರಿ. 12 ವಾರದ ಇನ್ನೊಂದರಲ್ಲಿ, ಎಲ್ಲರಿಗೂ ಅಟೋರ್ವಸ್ಟಾಟಿನ್ ಜೊತೆಗಿದ್ದಾಗ, 2ಕ್ಕೆ ಶೇಕಡಾ 45.5, 4ಕ್ಕೆ ಶೇಕಡಾ 46.7. ಸಾರೊಗ್ಲಿಟಜಾರ್ ಇಲ್ಲದ ಹುಸಿಗುಳಿಗೆಯವರಲ್ಲೂ ಶೇಕಡಾ 24.9 ಇಳಿದಿತ್ತು. ಪ್ರಮಾಣ ಇಮ್ಮಡಿ, ಫಲ ಇದ್ದಲ್ಲೇ. ಔಷಧ ಅದೇ, ಗ್ರಾಹಿ ಅದೇ. ಆದರೆ ರೋಗಿಗಳು ಬೇರೆ, ಜೊತೆಯ ಔಷಧ ಬೇರೆ, ಕಾಲಾವಧಿ ಬೇರೆ. ಆದ್ದರಿಂದ ಎರಡು ಚುಕ್ಕೆ ಇಟ್ಟು ನೇರಗೆರೆ ಎಳೆದು ಮೂರನೆಯ ಚುಕ್ಕೆಯನ್ನು ಊಹಿಸುವುದು ಅಪಾಯ. ಒಬ್ಬ ಮನುಷ್ಯ ವಕ್ರರೇಖೆಯ ಯಾವ ಜಾಗದಲ್ಲಿ ನಿಂತಿದ್ದಾನೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಡಾಕ್ಟರು ನಾಡಿ, ಒತ್ತಡ, ರಕ್ತ ಪರೀಕ್ಷೆ ನೋಡಿ ನೋಡಿ ಪ್ರಮಾಣ ಬದಲಿಸುವುದು ಇದಕ್ಕೇ.

ಎರಡನೆಯ ಗೆರೆ

ಇನ್ನೊಂದು ಗೆರೆಯಿದೆ, ಅದೇ ಭಯದ್ದು. ಗುಣದ ಗೆರೆ ಮೇಲೆ ಚಪ್ಪಟೆಯಾಗುವ ಹೊತ್ತಿಗೆ ಬಲಗಡೆ ಹಾನಿಯ ಗೆರೆ ಏಳತೊಡಗುತ್ತದೆ. ಎರಡರ ನಡುವಿನ ಬಯಲು ಅಗಲವಾಗಿದ್ದರೆ ಔಷಧ ಸಲೀಸು, ಕಿರಿದಾಗಿದ್ದರೆ ಕತ್ತಿಯ ಅಲುಗು. ಅಪ್ಪನ ಹೃದಯವನ್ನು ತಣ್ಣಗಿಡಲು ಒಂದು ಗುಳಿಗೆಯೇ ಬೇಕಾದಷ್ಟು ಜಾಗ ಹಿಡಿದಿತ್ತು. ಎರಡನೆಯದು ಒತ್ತಡ ಇಳಿಸಿದ್ದು ಅಷ್ಟಕ್ಕಷ್ಟೆ, ನಾಡಿಯನ್ನು ಮಾತ್ರ ನಲವತ್ತನಾಲ್ಕಕ್ಕೆ ತಂದಿತು. ಪ್ರಮಾಣ ಏರಿದಂತೆ ಬೀಟಾ-1ನ್ನೇ ಆರಿಸಿ ಕೂರುವ ಗುಣವೂ ಸಡಿಲವಾಗಿ, ಶ್ವಾಸನಾಳದ ಬೀಟಾ-2ರ ಮೇಲೂ ಕೂರತೊಡಗುತ್ತದೆ. ದಮ್ಮು ಇದ್ದವರಿಗೆ ಅದು ದೊಡ್ಡ ಗಂಡಾಂತರ. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆಯನ್ನು ನಕ್ಷೆಯಾಗಿ ಬರೆದರೆ ಈ ಎರಡನೆಯ ಗೆರೆ ಬರುತ್ತದೆ.

ಹಾಗಾದರೆ ಬಿಟ್ಟಾಗ ಎದೆನೋವು ಬಂದದ್ದು ಯಾಕೆ? ಇಲ್ಲಿ ಬಣ್ಣದ ತೊಟ್ಟಿಯ ಹೋಲಿಕೆ ಮುಗಿಯುತ್ತದೆ. ಬಟ್ಟೆ ಸತ್ತದ್ದು, ಕೋಶ ಜೀವಂತ. ತಿಂಗಳುಗಟ್ಟಲೆ ಗ್ರಾಹಿಗಳನ್ನು ಮುಚ್ಚಿಟ್ಟರೆ ಕೋಶ ಸುಮ್ಮನಿರುವುದಿಲ್ಲ. ಸಂದೇಶ ಕೇಳಿಸುತ್ತಿಲ್ಲವೆಂದು ಇನ್ನಷ್ಟು ಗ್ರಾಹಿಗಳನ್ನು ಹೊರಗೆ ತಂದಿಡುತ್ತದೆ. ಗುಳಿಗೆ ಒಮ್ಮೆಲೇ ನಿಂತಾಗ ಆ ಹೆಚ್ಚುವರಿ ಕಿವಿಗಳೆಲ್ಲ ತೆರೆದುಕೊಳ್ಳುತ್ತವೆ. ಎಂದಿನಷ್ಟೇ ಅಡ್ರಿನಲಿನ್ನು ಬಂದರೂ ಹೃದಯಕ್ಕೆ ಅದು ಕೂಗಾಗಿ ಕೇಳಿಸುತ್ತದೆ. ಅದಕ್ಕೇ ಇಂಥ ಗುಳಿಗೆಯನ್ನು ಬಿಡುವುದಾದರೂ ಡಾಕ್ಟರ ಕಣ್ಣೆದುರು, ದಿನಗಟ್ಟಲೆ ಇಳಿಸುತ್ತ ಬಿಡಬೇಕು. ಇದಕ್ಕೆ ತಿರುವುಮುರುವಾದದ್ದೂ ಇದೆ. ಪ್ರೇರಕವನ್ನು ಎಡೆಬಿಡದೆ ಕೊಟ್ಟರೆ ಕೋಶ ಗ್ರಾಹಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ನಿನ್ನೆಯ ಪ್ರಮಾಣ ಇವತ್ತಿಗೆ ಸಾಲದಾಗುತ್ತದೆ. ಬೀಟಾ ಗ್ರಾಹಿ ಮತ್ತು ಅದರ ಬಂಧುಬಳಗದ ಈ ಒಳನಡೆಯನ್ನು ಬಿಡಿಸಿದ್ದಕ್ಕೆ ಲೆಫ್ಕೊವಿಟ್ಸ್ ಮತ್ತು ಕೊಬಿಲ್ಕಾ ಅವರಿಗೆ 2012ರಲ್ಲಿ ನೊಬೆಲ್ ಬಂತು. ಮೊದಲ ಯಶಸ್ವಿ ಬೀಟಾ ತಡೆಗಾರ ಪ್ರೊಪ್ರನೊಲಾಲನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲೇ ಬಂದಿತ್ತು.

ನೆನಪಿಡಬೇಕಾದ ನಾಲ್ಕು ಮಾತು

1. ಔಷಧ ಕೆಲಸ ಮಾಡುವುದು ಅಂಟಿದಾಗ. ಅಂಟುವ ಜಾಗಗಳಿಗೆ ಲೆಕ್ಕವಿದೆ.

2. ಪ್ರಮಾಣ ಇಮ್ಮಡಿಯಾದರೆ ಫಲ ಇಮ್ಮಡಿಯಾಗುವುದು ಗೆರೆಯ ಬುಡದಲ್ಲಿ ಮಾತ್ರ. ಮೇಲೆ ಹೋದಂತೆ ಲಾಭ ಕರಗುತ್ತದೆ.

3. ಮಿಲಿಗ್ರಾಂ ಸಂಖ್ಯೆ ನೋಡಿ ಒಂದು ಔಷಧವನ್ನು ಇನ್ನೊಂದಕ್ಕಿಂತ ದೊಡ್ಡದು ಅನ್ನಬಾರದು.

4. ಗ್ರಾಹಿಗಳು ಗೋಡೆಯ ಮೊಳೆಗಳಲ್ಲ, ಹೆಚ್ಚುತ್ತವೆ, ಕಡಿಮೆಯಾಗುತ್ತವೆ. ಆದ್ದರಿಂದ ಶುರು ಮಾಡುವಷ್ಟೇ ಎಚ್ಚರ ನಿಲ್ಲಿಸುವಾಗಲೂ ಬೇಕು.

ಅಪ್ಪ ಈಗ ದಿನಕ್ಕೆ ಬರೆದುಕೊಟ್ಟಷ್ಟೇ ತಗೊಳ್ಳುತ್ತಾರೆ. ಪಾಠ ಮುಗಿದ ದಿನ ನನ್ನ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು: "ಅಲ್ಲ ತಮ್ಮಾ, ಇದು ಶೇಡ್ ಕಾರ್ಡಿನ ಲೆಕ್ಕನ ಆತಲ್ಲ. ಇದನ್ನ ನೀ ಮೊದಲ ಯಾಕ ಹೇಳಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆಳೆಯರೇ, ನಿಮ್ಮ ನಿಮ್ಮ ಮನೆಗಳಲ್ಲೂ ದಿನಾ ಗುಳಿಗೆ ನುಂಗುವ ಹಿರಿಯರು ಇದ್ದೇ ಇರುತ್ತಾರೆ. ರಜೆಗೆ ಊರಿಗೆ ಹೋದಾಗ ಒಂದು ಸಂಜೆ ಅವರ ಹತ್ತಿರ ಕೂತು, ಎಷ್ಟು ತಗೊಳ್ತೀರಿ, ಯಾವಾಗಲಾದರೂ ಬಿಟ್ಟಿದ್ದೀರಾ ಅಂತ ಕೇಳಿರಿ. ಅವರವರ ಕಸುಬಿನ ಮಾತಿನಲ್ಲಿ ಈ ಪಾಠ ಹೇಳಿರಿ. ರೈತರಿಗೆ ಗೊಬ್ಬರದ ಲೆಕ್ಕ ಗೊತ್ತು, ಅಡಿಗೆಯವರಿಗೆ ಉಪ್ಪಿನ ಲೆಕ್ಕ ಗೊತ್ತು. ಹೇಳಿದರೆ ತಿಳಿಯದವರು ಯಾರೂ ಇಲ್ಲ.